ಮಾತ್ರೆ ಯಾರದು, ಬಾಯಿ ಯಾರದು

ಸಮಯ: ಬೆಳಿಗ್ಗೆ ಹನ್ನೊಂದು ಗಂಟೆ. ಹವೆ: ಮೋಡ, ಮಳೆಯಿಲ್ಲ. ಸ್ಥಳ: ವಿಜಯನಗರದ ನಮ್ಮ ಆಸ್ಪತ್ರೆಯ ಸಭಾಕೊಠಡಿ. ಹಾಜರಿದ್ದವರು: ಆಸ್ಪತ್ರೆಯನ್ನು ಕಟ್ಟಿದ ಹಿರಿಯ ವೈದ್ಯರೂ ಅಧ್ಯಕ್ಷರೂ ಆದವರು, ಆಡಳಿತಾಧಿಕಾರಿಗಳು, ವಾರ್ಡಿನ ಒಬ್ಬ ಯುವ ಸಿಸ್ಟರ್, ಮತ್ತು ನರ್ಸಿಂಗ್ ವಿಭಾಗದ ನಿವೃತ್ತ ಮುಖ್ಯಸ್ಥೆಯಾದ ನಾನು.

ವಿಷಯ: ಸಿಸ್ಟರ್ ಹಿಂದಿನ ದಿನ ಒಬ್ಬ ರೋಗಿಯ ಮಾತ್ರೆಯನ್ನು ಪಕ್ಕದ ರೋಗಿಗೆ ಕೊಟ್ಟಿದ್ದಳು. ತಪ್ಪನ್ನು ತಾನೇ ಗುರುತಿಸಿ, ತಾನೇ ಹೋಗಿ ವೈದ್ಯರಿಗೆ ತಿಳಿಸಿದ್ದಳು. ರೋಗಿಗೆ ಅಪಾಯವೇನೂ ಆಗಲಿಲ್ಲ. ಆದರೂ ಅವಳನ್ನು ಕೆಲಸದಿಂದ ತೆಗೆಯಬೇಕು ಎಂಬುದು ಆಡಳಿತಾಧಿಕಾರಿಗಳ ಸಲಹೆ.

"ಗಮನ ಇಟ್ಟು ಕೆಲಸ ಮಾಡೋರಿಗೆ ತಪ್ಪು ಆಗಲ್ಲ ಸಾರ್. ಅಷ್ಟೇ," ಎಂದರು ಅವರು.

ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅಧ್ಯಕ್ಷರು ನನ್ನ ಅಭಿಪ್ರಾಯ ಕೇಳಿದರು. ಶಿಸ್ತಿನ ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ. ಆದರೆ ವಾರ್ಡು ಎಂಬುದು ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ. ಅವುಗಳನ್ನು ತಡೆಯಲು ನನ್ನ ಅವಧಿಯಲ್ಲಿ ಒಂದಾದ ಮೇಲೊಂದು ನಿಯಮ ತಂದಿದ್ದೆ. ಆ ನಿಯಮಗಳ ಗತಿ ಏನಾಯಿತೆಂದು ಕ್ರಮವಾಗಿ ನಿವೇದಿಸಿದೆ.

೧. ದಿಕ್ಕು

ಮೊದಲ ನಿಯಮ: ಹಾಸಿಗೆಯ ಸಂಖ್ಯೆ ನೋಡಿ ಮಾತ್ರೆ ಕೊಡತಕ್ಕದ್ದು.

ಪುರುಷರ ವಾರ್ಡಿನಲ್ಲಿ ಎದುರುಬದುರು ಎರಡು ಸಾಲು. ಒಂದು ಸಾಲಿನವರ ತಲೆ ಉತ್ತರಕ್ಕೆ, ಇನ್ನೊಂದು ಸಾಲಿನವರ ತಲೆ ದಕ್ಷಿಣಕ್ಕೆ. ಬಸವೇಶ್ವರನಗರದ ನಿವೃತ್ತ ಮೇಷ್ಟರೊಬ್ಬರು ರಕ್ತದೊತ್ತಡಕ್ಕಾಗಿ ದಾಖಲಾಗಿ ಉತ್ತರದ ಸಾಲಿಗೆ ಬಂದರು. ಒಂದು ದಿನ ಬೆಳಿಗ್ಗೆ ಸಿಸ್ಟರ್ ಅವರ ಹಾಸಿಗೆಗೆ ಬಿ.ಪಿ. ಮಾತ್ರೆ ಒಯ್ದಳು. ಅಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ, ಬ್ಯಾಡರಹಳ್ಳಿಯ ಆಟೋ ಚಾಲಕನೊಬ್ಬ ಮಲಗಿದ್ದ.

"ಬಿ.ಪಿ.ನಾ? ನಂಗೆ ಮುರಿದಿರೋದು ಕಾಲು ಸಿಸ್ಟರ್," ಎಂದ ಅವನು.

ವಿಚಾರಿಸಿದೆ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂದು ಮೇಷ್ಟರು ಆಟೋ ಚಾಲಕನೊಂದಿಗೆ ಹಾಸಿಗೆ ಬದಲಾಯಿಸಿಕೊಂಡಿದ್ದರು. ಈ ಕಡೆ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆಂದು ಅವನೂ ಒಪ್ಪಿದ್ದ. ತಕ್ಷಣ ಸ್ವಸ್ಥಾನಗಳಿಗೆ ಮರಳಬೇಕೆಂದು ಇಬ್ಬರಿಗೂ ಆಜ್ಞೆ ಮಾಡಿದೆ.

ಮೇಷ್ಟರು ಕದಲಲಿಲ್ಲ. "ಮಾತ್ರೆ ತಪ್ಪಿದರೆ ಡಾಕ್ಟರ್ ಇದಾರೆ ಕಣಮ್ಮ. ದಿಕ್ಕು ತಪ್ಪಿದರೆ ನೋಡೋಕೆ ನಿಮ್ಮಲ್ಲಿ ಯಾವ ಸ್ಪೆಷಲಿಸ್ಟ್ ಇದಾರೆ?"

೨. ಹೂಂ

ಎರಡನೆಯ ನಿಯಮ: ಸಂಖ್ಯೆಯ ಜೊತೆಗೆ ಹೆಸರನ್ನೂ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು.

ಹೊಸದಾಗಿ ಸೇರಿದ ಸಿಸ್ಟರ್ ಒಬ್ಬಳು ಮಾತ್ರೆ ಹಿಡಿದು, "ನಂಜುಂಡಪ್ಪನವರಾ?" ಎಂದು ಕೇಳುತ್ತ ಹೊರಟಳು. ಮೂಲೆಯಲ್ಲಿ ಕುಳಿತಿದ್ದ ಹೆಗ್ಗನಹಳ್ಳಿಯ ಹಿರಿಯರೊಬ್ಬರು "ಹೂಂ" ಎಂದು ಕೈ ಚಾಚಿದರು. ನಾನು ಅಲ್ಲೇ ಇದ್ದೆ. ಅವರು ನಂಜುಂಡಪ್ಪನವರಲ್ಲವೆಂದು ನನಗೆ ಗೊತ್ತಿತ್ತು. ಮಾತ್ರೆ ಬಾಯಿಗೆ ಹೋಗುವ ಮೊದಲೇ ಕೈ ಹಿಡಿದೆ.

"ನಿಮ್ಮ ಹೆಸರು ಅದಲ್ಲವಲ್ಲ! ಯಾಕೆ ಹೂಂ ಅಂದಿರಿ?"

ಅವರು ನನ್ನನ್ನೇ ಮರುಕದಿಂದ ನೋಡಿದರು. "ಪಾಪ, ಆ ಮಗು ಆವಾಗ್ಲಿಂದ ಹುಡುಕ್ತಾನೇ ಇತ್ತು. ಯಾರೂ ಹೂಂ ಅನ್ನಲಿಲ್ಲ. ಬೇಜಾರ್ ಮಾಡ್ಕೊಳ್ಳುತ್ತೆ ಅಂತ ನಾನೇ ಅಂದೆ."

೩. ಯಜಮಾನರು

ನಿಯಮ ತಿದ್ದಿದೆ. ಹೆಸರನ್ನು ನಾವು ಹೇಳಕೂಡದು. ಅವರ ಬಾಯಿಂದಲೇ ಬರತಕ್ಕದ್ದು.

ಮಾರೇನಹಳ್ಳಿಯ ಒಬ್ಬ ಯಜಮಾನರಿಗೆ ಉಬ್ಬಸ. ಮುಖಕ್ಕೆ ಆಮ್ಲಜನಕದ ಮಾಸ್ಕು, ಮಾತಾಡುವಂತಿರಲಿಲ್ಲ. ಸಿಸ್ಟರ್ ನಿಯಮದಂತೆ ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದಳು.

"ಇವರ ಹೆಸರು ಹೇಳಿ ಅಮ್ಮಾ."

"ಅಯ್ಯೋ, ನನ್ ಬಾಯಲ್ಲಿ ಅವರ ಹೆಸರಾ? ಎಲ್ಲಾದ್ರೂ ಉಂಟಾ?"

"ಹೇಳದೆ ಇದ್ರೆ ಮಾತ್ರೆ ಕೊಡೋ ಹಾಗಿಲ್ಲ."

ಆಕೆ ಯೋಚಿಸಿ, ಗೋಡೆಯ ಕ್ಯಾಲೆಂಡರಿನಲ್ಲಿದ್ದ ತಿರುಪತಿ ದೇವರನ್ನು ತೋರಿಸಿದಳು. ಸಿಸ್ಟರ್ ಊಹಿಸತೊಡಗಿದಳು.

"ವೆಂಕಟೇಶ್?"

"ಊಹೂಂ."

"ಶ್ರೀನಿವಾಸ್?"

"ಹತ್ತಿರ ಬಂದ್ರಿ."

"ಗೋವಿಂದ?"

ಅಕ್ಕಪಕ್ಕದ ರೋಗಿಗಳೆಲ್ಲ "ಗೋವಿಂದಾ, ಗೋವಿಂದ!" ಎಂದು ಕೈಮುಗಿದರು. ಎದ್ದು ಕೂರಲಾರೆನೆಂದು ವೈದ್ಯರಿಗೆ ಹೇಳಿದ್ದ ಒಬ್ಬರು ಎದ್ದೂ ಕುಳಿತರು. ಕೊನೆಗೆ ರೋಗಿಯೇ ಮಾಸ್ಕನ್ನು ಕಿತ್ತೆಸೆದು ಗುಡುಗಿದರು:

"ತಿಮ್ಮಪ್ಪ ಕಣಮ್ಮ, ತಿಮ್ಮಪ್ಪ! ಭಜನೆ ನಿಲ್ಸಿ ಮೊದಲು ಮಾತ್ರೆ ಕೊಡಿ!"

೪. ಪಟ್ಟಿ

ಬಾಯಿಯನ್ನು ನಂಬಿ ಪ್ರಯೋಜನವಿಲ್ಲವೆಂದು ಪ್ರತಿಯೊಬ್ಬರ ಮಣಿಕಟ್ಟಿಗೂ ಹೆಸರಿನ ಪಟ್ಟಿ ಹಾಕಿಸಿದೆ. ಮರುದಿನ ತಪಾಸಣೆಗೆ ಹೋದರೆ ಒಬ್ಬ ಮಹಿಳೆಯ ಕೈ ಬರಿದು. ಪಟ್ಟಿ ಆಕೆಯ ಬಿಸಿನೀರಿನ ಫ್ಲಾಸ್ಕಿನ ಹಿಡಿಗೆ ಸುತ್ತಿಕೊಂಡಿತ್ತು.

"ಇದೇನಿದು?" ಎಂದೆ, ಸ್ವಲ್ಪ ಜೋರಾಗಿಯೇ.

"ಬೈಬೇಡಿ ಮೇಡಂ. ಕೈ ನಂದೇ ಅಂತ ನಂಗೆ ಗೊತ್ತು. ಇಲ್ಲಿ ಎಲ್ಲಾರ ಫ್ಲಾಸ್ಕೂ ಒಂದೇ ಥರ ಇದೆ."

೫. ಕಾಫಿ

ಇಷ್ಟು ಹೇಳಿ, ಈ ಹುಡುಗಿ ಆ ಎಲ್ಲ ನಿಯಮಗಳನ್ನೂ ಪಾಲಿಸಿದ್ದಾಳೆಂದು ತಿಳಿಸಿದೆ. ಹಾಸಿಗೆ ಸರಿ, ಹೆಸರು ಸರಿ, ಪಟ್ಟಿ ಸರಿ. ಆದರೆ ಅವಳು ಟ್ರೇ ಹಿಡಿದು ನಿಂತಿದ್ದಾಗ ಒಬ್ಬರು ಡಿಸ್ಚಾರ್ಜ್ ಯಾವಾಗ ಎಂದು ಕೇಳಿದ್ದರು, ಇನ್ನೊಬ್ಬರು ಡ್ರಿಪ್ ಮುಗಿಯಿತೆಂದು ಕೂಗಿದ್ದರು, ಅಷ್ಟರಲ್ಲಿ ವಾರ್ಡಿನ ಫೋನೂ ಬಡಿದುಕೊಂಡಿತ್ತು. ಮೂವರಿಗೂ ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಕೈ ಟ್ರೇಯಲ್ಲಿದ್ದ ಪಕ್ಕದ ರೋಗಿಯ ಮಾತ್ರೆಯ ಬಟ್ಟಲಿಗೆ ಹೋಗಿತ್ತು. ಇವಳನ್ನು ತೆಗೆದುಹಾಕಿದರೆ ನಾಳೆ ತಪ್ಪು ಮಾಡಿದವರು ಬಾಯಿ ಬಿಡುವುದಿಲ್ಲ. ರೋಗಿಗೆ ಅಪಾಯ ಅದರಿಂದಲೇ ಹೆಚ್ಚು ಎಂದೂ ಹೇಳಿದೆ.

"ಇವೆಲ್ಲ ನೆಪ ಮೇಡಂ," ಎಂದರು ಆಡಳಿತಾಧಿಕಾರಿಗಳು.

ಅಷ್ಟರಲ್ಲಿ ಕ್ಯಾಂಟೀನಿನವನು ಟ್ರೇಯಲ್ಲಿ ಕಾಫಿ ತಂದ. ಅಧ್ಯಕ್ಷರಿಗೆ ಮಧುಮೇಹ. "ಸಾರ್, ಈ ಮೂಲೇದು ಸಕ್ಕರೆ ಇಲ್ಲದ್ದು," ಎಂದು ತೋರಿಸಿದ. ಅಧ್ಯಕ್ಷರಿಗೆ ತಾವೇ ಕೊಡಬೇಕೆಂಬ ಗೌರವದಿಂದ ಆಡಳಿತಾಧಿಕಾರಿಗಳು ಟ್ರೇಯನ್ನು ಅವನ ಕೈಯಿಂದ ತೆಗೆದುಕೊಂಡು ಅವನನ್ನು ಕಳಿಸಿದರು. ಮಾತು ನಿಲ್ಲಿಸಲಿಲ್ಲ.

"ಕೈಯಲ್ಲಿರೋ ಕೆಲಸದ ಮೇಲೆ ಗಮನ ಇರಬೇಕು ಸಾರ್. ಎಷ್ಟೊತ್ತಿನ ಕೆಲಸ ಅದು?"

ಅವರ ಜೇಬಿನಲ್ಲಿ ಫೋನ್ ರಿಂಗಾಯಿತು. ಟ್ರೇಯನ್ನು ಒಂದು ಕೈಗೆ ಬದಲಾಯಿಸಿ, "ಇನ್ಶೂರೆನ್ಸ್‌ನೋರಿಗೆ ಕೂತಿರಕ್ಕೆ ಹೇಳಿ," ಎಂದರು. ಬಾಗಿಲಲ್ಲಿ ಸೆಕ್ಯುರಿಟಿಯವನ ತಲೆ ಕಾಣಿಸಿತು.

"ಸಾರ್, ಗೇಟ್‌ಗೆ ಅಡ್ಡ ಕಾರ್ ನಿಲ್ಸಿ ಹೋಗ್ಬಿಟ್ಟಿದಾರೆ."

"ಚಕ್ರಕ್ಕೆ ಲಾಕ್ ಹಾಕು, ಬಂದೆ," ಎಂದು ಟ್ರೇ ಸಮೇತ ಬಾಗಿಲ ಕಡೆಗೆ ತಿರುಗಿ, ಮತ್ತೆ ಈ ಕಡೆ ತಿರುಗಿ, ಒಂದು ಲೋಟವನ್ನು ಅಧ್ಯಕ್ಷರ ಮುಂದಿಟ್ಟರು. ಅದು ಮೂಲೆಯ ಲೋಟವಾಗಿರಲಿಲ್ಲ.

ಅಧ್ಯಕ್ಷರು ಒಂದು ಗುಟುಕು ಕುಡಿದು ಲೋಟವನ್ನೊಮ್ಮೆ ನೋಡಿದರು. ನಾನು ಎಚ್ಚರಿಸಲು ಬಾಯಿ ತೆರೆದೆ. ಅವರು ಸುಮ್ಮನಿರಿ ಎಂಬಂತೆ ನನ್ನತ್ತ ಅಂಗೈ ತೋರಿಸಿ, ಕಣ್ಣು ಮುಚ್ಚಿ, ಉಳಿದದ್ದನ್ನು ತಳದವರೆಗೂ ಕುಡಿದರು. ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಂದೂ ಕಂಡಿರಲಿಲ್ಲ.

ಆಡಳಿತಾಧಿಕಾರಿಗಳು ತಮ್ಮ ಲೋಟಕ್ಕೆ ಬಾಯಿಟ್ಟು ಮುಖ ಕಿವುಚಿದರು. "ಥೂ! ಸಕ್ಕರೇನೇ ಹಾಕಿಲ್ಲ. ನೋಡಿ ಸಾರ್, ಇದನ್ನೇ ನಾನು ಹೇಳೋದು. ಬೇಜವಾಬ್ದಾರಿ! ಮೊದಲು ಆ ಕ್ಯಾಂಟೀನವನನ್ನ ತೆಗೀಬೇಕು."

ಗೋಡೆಯ ಬಳಿ ಸಿಸ್ಟರ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು; ಅಳುವಿನಿಂದಲ್ಲ.

ಅಧ್ಯಕ್ಷರು ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು ತೀರ್ಪು ಕೊಟ್ಟರು:

"ನಿಮ್ಮ ಸಕ್ಕರೆ ನನ್ನ ಹೊಟ್ಟೇಲಿದೆ. ಆ ಹುಡುಗಿ ತಪ್ಪು ಮಾಡಿದಳು, ತಾನೇ ಬಂದು ಹೇಳಿದಳು. ನೀವು ಮಾಡಿದಿರಿ, ಕ್ಯಾಂಟೀನವನ ತಲೆಗೆ ಕಟ್ಟಿದಿರಿ. ಅವಳು ಕೆಲಸದಲ್ಲಿರ್ತಾಳೆ. ಟ್ರೇ ಹಿಡಿದವರನ್ನ ಇನ್ಮೇಲೆ ಯಾರೂ ಮಾತಾಡಿಸಬಾರದು. ಯಾವ ತಪ್ಪಾದ್ರೂ ಮುಚ್ಚಿಡದೆ ವರದಿ ಮಾಡಬೇಕು." ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಇವತ್ತಿನದನ್ನ ಮಾತ್ರ ನಮ್ಮ ಮನೆಯವಳಿಗೆ ಯಾರೂ ವರದಿ ಮಾಡಬೇಡಿ."