ಟವೆಲ್ ಹಾಕಿದ ಸೀಟು

"ಮಕ್ಕಳು ಅಂದ್ರೆ ಮೋಟಾರ್ ಇದ್ದಂಗೆ. ಮೊದಲು ಲೋಡ್ ಬಿದ್ದಾಗ ಗುರ್ ಅಂತವೆ, ಆಮೇಲೆ ತಾವಾಗೇ ತಿರುಗ್ತವೆ. ನಾವು ಮಧ್ಯೆ ಕೈ ಹಾಕಬಾರದು, ಅಷ್ಟೆ."

ನ್ಯಾಮತಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ಕಲ್ಲೇಶ್ ಈ ಮಹಾವಾಕ್ಯವನ್ನು ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಹೊರಡಿಸಿದ. ಮಗಳು ಶಾಂತಲಾ ಆರನೇ ಕ್ಲಾಸಿಗೆಂದು ಹೊನ್ನಾಳಿಯ ಹೊಸ ಶಾಲೆಗೆ ಹೊರಡುವ ಮೊದಲ ದಿನ ಅದು. ಐದು ವರ್ಷ ಅಪ್ಪನ ಅಂಗಡಿ ಪಕ್ಕದ ಶಾಲೆಗೆ ಅಪ್ಪನ ಬೈಕಿನಲ್ಲೇ ಹೋಗಿ ಬಂದ ಹುಡುಗಿ. ಇನ್ನು ಬಸ್ಸು, ಮುಕ್ಕಾಲು ಗಂಟೆ ದಾರಿ, ಗುರುತಿಲ್ಲದ ಮುಖಗಳು.

"ಅಪ್ಪಾ, ಇವತ್ತೊಂದಿನ ಜೊತೆಗೆ ಬಾ" ಎಂದಳು. ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತಿದ್ದಳು.

ಹೋಗಬೇಕೆಂದು ಕಲ್ಲೇಶನಿಗೂ ಆಸೆಯೇ. ಆದರೇನು ಮಾಡುವುದು, ಹಿಂದಿನ ವಾರ ಹೊಸ ಶಾಲೆಯ ಪೋಷಕರ ಸಭೆಯಲ್ಲಿ ಅರುಣಾ ಟೀಚರ್ "ಮಕ್ಕಳನ್ನು ಅವರ ಕಾಲ ಮೇಲೆ ನಿಲ್ಲಾಕೆ ಬಿಡ್ರಿ" ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ ಮಹಾನುಭಾವ ಇವನೇ.

"ಅಳಬಾರದು. ಬಸ್ ಹತ್ತು, ಕಂಡಕ್ಟರ್ ಹತ್ರ ಕೂತ್ಕೋ, ಗೊತ್ತಾಗದಿದ್ರೆ ಕೇಳು. ಹೊಸದು ಅಂದ್ರೆ ಎರಡು ದಿನ ಹಿಂಗೇ ಇರ್ತೈತೆ."

ಹೆಂಡತಿ ಹೇಮಾವತಿ ಮಗಳ ಊಟದ ಡಬ್ಬಿ ಮುಚ್ಚುತ್ತ ನಕ್ಕಳು. "ನೀವು ಬಸ್ಸಿನ ಹಿಂದೆ ಓಡದಿದ್ರೆ ಸಾಕು."

"ನಾನಾ? ಓಡಿದ್ರೆ ಒಂದು ತಿಂಗಳು ಈ ಮನೇಲಿ ರೊಟ್ಟಿ ನಾನೇ ತಟ್ತೀನಿ."

"ಹಾಗಾದ್ರೆ ಜೋಳ ಬೀಸಿಸಿ ಇಟ್ಟಿರ್ತೀನಿ ಬಿಡ್ರಿ."

ಬಸ್‌ಸ್ಟ್ಯಾಂಡಿನಲ್ಲಿ ಕಲ್ಲೇಶ್ ಬೈಕಿಗೆ ಬೀಗ ಹಾಕಿ, ಮಗಳಿಂದ ಹತ್ತು ಹೆಜ್ಜೆ ದೂರ ಎದೆ ಸೆಟೆದು ನಿಂತ. ಕೈ ಹಾಕುವಂತಿಲ್ಲವಲ್ಲ. ಬಸ್ಸು ಬಂತು. ನಿಲ್ಲುವ ಮೊದಲೇ ಜನ ಬಾಗಿಲಿಗೆ ಮುತ್ತಿದರು. ಆ ನೂಕುನುಗ್ಗಲಿನಲ್ಲಿ ಮಗಳ ಎರಡು ಜಡೆ ಮುಳುಗಿದವು. ಜೊತೆಗೆ ಅಪ್ಪನ ಮಹಾವಾಕ್ಯವೂ ಮುಳುಗಿತು.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಮೊದಲು ಹತ್ತಿದವರದಲ್ಲ, ಕಿಟಕಿಯಿಂದ ಟವೆಲ್ ಹಾಕಿದವರದು. ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಆದರೆ ಟವೆಲ್ ಎತ್ತಿ ಕೂತವನಿಗೆ ಹೊನ್ನಾಳಿ ತನಕ ಬೈಗುಳ ತಪ್ಪುವುದಿಲ್ಲ. 'ಟವೆಲ್ ಹಾಕೋದು ಸಹಾಯ ಅಲ್ಲ' ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಕಲ್ಲೇಶ್ ಹೆಗಲ ಮೇಲಿನ ಟವೆಲ್ ಎಳೆದು ಬೀಸಿ ಎಸೆದ. ಅದು ಸರಿಯಾಗಿ ಕಂಡಕ್ಟರ್ ಪಕ್ಕದ ಸೀಟಿನ ಮೇಲೇ ಬಿತ್ತು.

"ಶಾಂತೂ, ಟವೆಲ್ ಸೀಟು ನಿಂದೇ!" ಎಂದು ಕೂಗಿದ. ಬಸ್ಸು ಹೊರಟಿತು.

ಆಗ ನೆನಪಾಯಿತು. ಜೇಬು ತೂತೆಂದು ಬೈಕಿನ ಕೀಯನ್ನೂ ಅಂಗಡಿಯ ಕೀಯನ್ನೂ ಅವನು ತಿಂಗಳಿಂದ ಟವೆಲ್ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ. ಫೋನು, ಪರ್ಸು ಎರಡೂ ಬೈಕಿನ ಬಾಕ್ಸಿನೊಳಗೆ ಬೀಗದಲ್ಲಿ ಭದ್ರವಾಗಿದ್ದವು.

ಕಲ್ಲೇಶ್ ಬಸ್ಸಿನ ಹಿಂದೆ ಓಡಿದ. ಓಡಲಿಲ್ಲ, ಜೋರಾಗಿ ನಡೆದೆ ಎಂದು ಇವತ್ತಿಗೂ ವಾದಿಸುತ್ತಾನೆ. ಹಾಗೆ ನಡೆದಾಗ ಒಂದು ಚಪ್ಪಲಿ ಸರ್ಕಲ್ಲಿನಲ್ಲೇ ಉಳಿದದ್ದು ಮಾತ್ರ ಊರಿಗೆಲ್ಲ ಗೊತ್ತು.

ಎದುರಿಗೆ ಸಿಕ್ಕವನು ಹೊನ್ನಾಳಿಗೆ ಕುರಿ ಹೇರಿಕೊಂಡು ಹೊರಟಿದ್ದ ಲಗೇಜ್ ಆಟೋದ ಜುಂಜಪ್ಪ. "ಯಾಕಣ್ಣ, ಮಗಳು ಬಿಟ್ಟು ಹೋದ್ಳಾ?"

"ಕೀ ತರಾಕೆ ಹೊಂಟೀನಿ, ಅಷ್ಟೆ."

"ಕೀ ತರೋರು ಕಣ್ಣು ಯಾಕೆ ಒರೆಸ್ಕೊಳ್ತಾರೆ? ಮುಂದೆ ಮೇವಿನ ಚೀಲ ಐತೆ, ಹಿಂದೆ ಹತ್ತು."

ಹೊಸ ಊರಿಗೆ ಹೊರಟಿದ್ದ ಎಂಟು ಕುರಿಗಳು ಆರಾಮಾಗಿ ಮೆಲುಕು ಹಾಕುತ್ತಿದ್ದವು. ಗಾಬರಿಯಾಗಿದ್ದದ್ದು ಅವುಗಳ ನಡುವೆ ಕೂತ ಒಂಬತ್ತನೆಯವನಿಗೆ ಮಾತ್ರ. ಮಗು ಇಳಿಯಬೇಕಾದಲ್ಲಿ ಇಳಿಯಿತೋ ಇಲ್ಲವೋ, ಯಾರಾದರೂ ಗದರಿದರೋ, ಮೂಲೆಯಲ್ಲಿ ಅಳುತ್ತ ಕೂತಿದೆಯೋ. ಬಾ ಎಂದು ಕರೆದಾಗ ಹೋಗಿದ್ದರೆ ಗಂಟೇನು ಹೋಗುತ್ತಿತ್ತು ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಜುಂಜಪ್ಪ ಶಾಲೆಯ ಮುಂದೆಯೇ ಆಟೋ ನಿಲ್ಲಿಸಿದ. ಗೇಟಿಗೆ ಮುಖ ಒತ್ತಿ ನೋಡಿದರೆ, ಮರದ ಕೆಳಗೆ ಒಂದು ಪುಟ್ಟ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಅದರ ಮೂಗು ಒರೆಸುತ್ತ ಕೂತಿದ್ದವಳು ಶಾಂತಲಾ.

"ಏನ್ರೀ ಇದು, ಮೈತುಂಬ ಉಣ್ಣೆ?" ಅರುಣಾ ಟೀಚರ್ ಬಂದರು.

"ಕೀ... ಟವೆಲ್..." ಎಂದ ಕಲ್ಲೇಶ್. ಅತ್ತೇಬಿಟ್ಟ.

ಟೀಚರ್ ಅಟೆಂಡರ್ ಕಡೆ ತಿರುಗಿದರು. "ಗಾಬರಿ ಏನಿಲ್ಲ. ಮೊದಲನೇ ದಿನ ಒಬ್ಬಿಬ್ಬರು ಹಿಂಗೇ. ನೀರು ಕೊಡ್ರಿ, ಹತ್ತು ನಿಮಿಷಕ್ಕೆ ಸರಿ ಹೋಗ್ತಾರೆ."

ಶಾಂತಲಾ ಓಡಿಬಂದಳು. "ಅಪ್ಪಾ, ಟವೆಲ್ ನೋಡಿ ಕೀ ಐತೆ ಅಂತ ಗೊತ್ತಾಯ್ತು. ಕಂಡಕ್ಟರ್ ಮಾಮನ ಕೈಲಿ ವಾಪಸ್ ಕಳಿಸ್ದೆ. ಅವರ ಫೋನಲ್ಲೇ ಅಮ್ಮಂಗೂ ಹೇಳ್ದೆ, ಬಸ್‌ಸ್ಟ್ಯಾಂಡಿಗೆ ಬಂದು ಇಸ್ಕೊಳ್ತಾಳೆ."

ಅಮ್ಮನಿಗೂ ಹೇಳಿದೆ ಎಂದದ್ದೇ ತಡ, ಕಲ್ಲೇಶನ ಕಣ್ಣ ಮುಂದೆ ಜೋಳದ ಹಿಟ್ಟಿನ ಡಬ್ಬ ಬಂದು ನಿಂತಿತು. "ಸೀಟಾದ್ರೂ ಸಿಕ್ತಾ?"

"ಅದ್ರಲ್ಲಿ ಒಬ್ರು ಅಜ್ಜಿನ ಕೂರಿಸ್ದೆ. ನಾನು ನಿಂತೇ ಬಂದೆ." ಗೇಟಿನ ಸಂದಿಯಿಂದ ಕೈ ಚಾಚಿ ಅಪ್ಪನ ಕೆನ್ನೆ ಒರೆಸಿದಳು. "ಅಳಬಾರದು. ಆಟೋ ಹತ್ತು, ಜುಂಜಪ್ಪಣ್ಣನ ಹತ್ರ ಕೂತ್ಕೋ, ಗೊತ್ತಾಗದಿದ್ರೆ ಕೇಳು."

ಗಂಟೆ ಹೊಡೆಯಿತು. ನಾಲ್ಕು ಹೆಜ್ಜೆ ಹೋದವಳು ಏನೋ ನೆನಪಾದಂತೆ ತಿರುಗಿ ನಿಂತಳು.

"ಅಪ್ಪಾ, ನಾಳೆಯಿಂದ ಅಂಗಡಿಗೆ ಒಬ್ಬನೇ ಹೋಗಾಕೆ ಧೈರ್ಯ ಐತೆ ತಾನೇ?"

ಕಲ್ಲೇಶ್ ಇಲ್ಲವೆಂದು ತಲೆಯಾಡಿಸಿದ.

"ಎರಡು ದಿನ ಹಿಂಗೇ ಇರ್ತೈತೆ" ಎಂದು ಶಾಂತಲಾ ಕ್ಲಾಸಿಗೆ ಓಡಿದಳು.