ಕಣ್ಣಿಗೆ ಏರಿದ ಬಿಪಿ

ಹರಪನಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು ನಾನು. ಕೀಟನಾಶಕದ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿ ಪಳಗಿದವನಿಗೆ ಡಾಕ್ಟರ ಚೀಟಿ ಯಾವ ಲೆಕ್ಕ! ಹಾಗಾಗಿ ಹೆಂಡತಿ ಪುಷ್ಪಲತಾ ಕಣ್ಣು ತೋರಿಸಿಕೊಂಡು ಬಂದಾಗ, ಅವಳು ಕೂರುವ ಮೊದಲೇ ಚೀಟಿ ಇಸಿದುಕೊಂಡೆ.

ಬಲಗಣ್ಣಿನ ಸಾಲಿನ ಕೊನೆಗೆ 180 ಎಂದಿತ್ತು. ಎಡಗಣ್ಣಿನದಕ್ಕೆ 170. ಬಿಪಿ ನೂರಾ ಎಂಬತ್ತಕ್ಕೆ ಹೋದಾಗಲೇ ನಮ್ಮಪ್ಪ ಹಾಸಿಗೆ ಹಿಡಿದದ್ದು.

"ಪುಷ್ಪಾ, ನಿನಗ ಬಿಪಿ ಐತಿ. ಕಣ್ಣಿಗೇ ಏರೈತಿ."

ಅವಳು ನನ್ನ ಮುಖ ನೋಡುತ್ತಲೇ ಕುರ್ಚಿಗೆ ಒರಗಿ ಕೂತಳು. "ಹೌದಾ? ಹಂಗಾರ ಏನು ಮಾಡ್ಬೇಕ್ರಿ?"

"ಇವತ್ತಿಂದ ಉಪ್ಪು ಬಂದ್. ನೀನು ಒಲಿ ಮುಂದ ನಿಲ್ಲೋದೂ ಬಂದ್."

ಅಂದಮೇಲೆ ನಾನೇ ನಿಲ್ಲಬೇಕಾಯಿತು. ನಾನು ತಟ್ಟಿದ ರೊಟ್ಟಿ ಹೆಂಚಿಗೆ ಬೀಳುವಷ್ಟರಲ್ಲಿ ಹರಿದು ಎರಡು ತಾಲ್ಲೂಕಾಯಿತು. ಸುದ್ದಿ ತಿಳಿದು ತೆಲಿಗಿಯಿಂದ ನನ್ನ ಅಕ್ಕ ಅನ್ನದಾನಮ್ಮ ಬಂದಿಳಿದಳು. ಅಡುಗೆ ಅವಳು ವಹಿಸಿಕೊಂಡಳು. ಕಸ, ಬಟ್ಟೆ, ಪಾತ್ರೆ ನನ್ನ ಪಾಲಿಗೆ ಉಳಿದವು. ಪುಷ್ಪಲತಾ ದಿಂಬಿಗೆ ಒರಗಿ ಧಾರಾವಾಹಿ ನೋಡಿದಳು. ಉಪ್ಪಿಲ್ಲದ ಸಾರು ಉಂಡು ನಾನು ಸೊರಗಿದರೆ, ಅವಳ ಮುಖಕ್ಕೆ ಕಳೆ ಬಂದಿತ್ತು. ನನ್ನ ಪಥ್ಯ ಹಿಡಿಯಿತೆಂದು ಹಿಗ್ಗಿ, ವಾರ ಕಳೆದ ಮೇಲೆ ಅವಳನ್ನು ಅದೇ ಕಣ್ಣಿನ ಡಾಕ್ಟರ್ ಅರ್ಚನಾ ಅವರ ಬಳಿ ಕರೆದೊಯ್ದೆ.

"ಮೇಡಂ, ಇಕಿ ಬಿಪಿ ಇನ್ನೊಮ್ಮಿ ನೋಡ್ರಿ. ಇಳಿದಿರ್ಬೇಕು."

"ಇವರಿಗೆ ಬಿಪಿ ಐತಿ ಅಂದೋರು ಯಾರು?"

ಚೀಟಿ ಚಾಚಿ 180ರ ಮೇಲೆ ಬೆರಳಿಟ್ಟೆ. ಡಾಕ್ಟರು ನಗಲಿಲ್ಲ. ಪೆನ್ನು ಮಾತ್ರ ಕೆಳಗಿಟ್ಟರು.

"ಇದು ಬಿಪಿ ಅಲ್ರಿ. ಕನ್ನಡಕದಾಗ ಗಾಜು ಯಾವ ಕೋನಕ್ಕೆ ಕೂರಬೇಕು ಅನ್ನೋ ಡಿಗ್ರಿ. ಅವತ್ತೇ ಇವರಿಗೆ ಬಿಡಿಸಿ ಹೇಳಿದ್ದೆನಲ್ಲ."

ನಾನು ಪುಷ್ಪಲತಾಳತ್ತ ತಿರುಗಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಗೊತ್ತಿದ್ದೂ ಯಾಕ ಸುಮ್ನಿದ್ದಿ?"

"ಹೇಳ್ಬೇಕು ಅಂತಿದ್ದೆ. ಮದುವಿ ಆದಾಗಿಂದ ನೀವು ಪಾತ್ರಿ ತೊಳಿಯೋದು ನೋಡಿದ್ದಿಲ್ಲ. ಇನ್ನೊಂದಿನ ನೋಡೋಣ ಅನಿಸ್ತು."

"ಅಕ್ಕಗಾದ್ರೂ ಹೇಳಬಾರದಿತ್ತಾ? ಪಾಪ, ಹೆದರಿ ಓಡಿ ಬಂದಾಳ."

"ಬಂದ ದಿನಾನೇ ಹೇಳೀನಿ. ಅವರೇ ತಡಿ ಅಂದ್ರು. ನನ್ನ ಸಾರಿಗೆ ಉಪ್ಪು ಹಾಕೇ ಕೊಡ್ತಿದ್ರು."