ಖಂಡಿತ ಎನ್ನದ ಚಿಕ್ಕಮ್ಮ

ಅಮ್ಮನ ತಂಗಿ, ಅಂದರೆ ನನ್ನ ಚಿಕ್ಕಮ್ಮನ ಬಾಯಿಂದ 'ಖಂಡಿತ' ಎಂಬ ಮಾತು ಹೊರಡಿಸಿದವರಿಗೆ ನಮ್ಮ ಮನೆಯಲ್ಲಿ ಸನ್ಮಾನ ಕಾದಿದೆ ಎಂದು ಅಪ್ಪ ಘೋಷಿಸಿ ವರ್ಷಗಳೇ ಆಗಿದ್ದವು. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ! ಹೆಣ್ಣು ನೋಡುವ ದಿನ "ಹುಡುಗ ಒಪ್ಪಿಗೆನಾ?" ಎಂದು ಕೇಳಿದ್ದಕ್ಕೆ "ಸಾಧ್ಯತೆ ಇದೆ" ಎಂದವಳು ಅವಳು. "ಇಪ್ಪತ್ತು ವರ್ಷ ಆಯ್ತು ಕಣೋ, ಇನ್ನೂ ಡೇಟಾ ಸೇರಿಸ್ತಾನೇ ಇದ್ದಾಳೆ" ಎಂದು ಚಿಕ್ಕಪ್ಪ ಇಂದಿಗೂ ನಿಟ್ಟುಸಿರು ಬಿಡುತ್ತಾರೆ.

ತಪ್ಪು ಅವಳದಲ್ಲ, ಕೆಲಸದ್ದು. ಆಕಾಶದಲ್ಲಿ ಗಾಮಾ ಕಿರಣ ಸೂಸುವ ತೀರಾ ಮಂಕಾದ ಮೂಲಗಳನ್ನು ಅವಳು ಸಂಖ್ಯಾಶಾಸ್ತ್ರದಿಂದ ಹುಡುಕುತ್ತಾಳೆ. ಅಂಥ ಮೂಲದಿಂದ ಅಪರೂಪಕ್ಕೊಂದು ಕಿರಣ ಬರುತ್ತದೆ. ಸುತ್ತಲಿನ ಖಾಲಿ ಆಕಾಶದಿಂದಲೂ ಬರುತ್ತಿರುತ್ತದೆ. ಹಾಗಾಗಿ ಅಲ್ಲಿ ಬಂದದ್ದನ್ನು ಎಣಿಸಬೇಕು, ಪಕ್ಕದ ಖಾಲಿ ಜಾಗದಲ್ಲಿ ಬಂದದ್ದನ್ನೂ ಎಣಿಸಬೇಕು, ಹೆಚ್ಚು ಬಂದಿದ್ದರೆ ಅದು ಆಕಸ್ಮಿಕವೋ ನಿಜವೋ ಎಂದು ಲೆಕ್ಕ ಹಾಕಬೇಕು. ಈ ಚಾಳಿ ಆಫೀಸಿನಲ್ಲೇ ಉಳಿದಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ?

ಕುಂದಲಹಳ್ಳಿಯ ಅವಳ ಮನೆ ಓನರ್ ಅಜ್ಜಿ ಒಮ್ಮೆ ಬಸ್ಸಾರು ಕೊಟ್ಟು, "ಎಂಗೈತವ್ವಾ?" ಎಂದು ಕೇಳಿದರು.

"ಒಂದೇ ಸಲಕ್ಕೆ ಹೇಳಕ್ಕಾಗಲ್ಲ ಅಜ್ಜಿ."

"ಅಂಗಾದ್ರೆ ನಾಳೀಕೂ ಕಳಿಸ್ತೀನಿ, ನೋಡೇಬಿಡು!"

ಹದಿನೆಂಟು ದಿನ ಪುಕ್ಕಟೆ ಬಸ್ಸಾರು! ಹೀಗೆಂದು ಮೊದಲೇ ಗೊತ್ತಿದ್ದರೆ ಪಿಯುಸಿಯಲ್ಲಿ ನಾನೂ ಸೈನ್ಸ್ ತೆಗೆದುಕೊಳ್ಳುತ್ತಿದ್ದೆ.

ಕಳೆದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈಯ ಒಂದು ಬೆರಳು ಮಾತ್ರ ಆಗಾಗ ಅಲುಗುತ್ತಿತ್ತು. ಅಮ್ಮ ದಿನವೂ ಪಕ್ಕದಲ್ಲಿ ಕೂತು, ಲಿಫ್ಟ್ ಕೆಟ್ಟದ್ದರಿಂದ ಹಿಡಿದು ಅವರೆಕಾಯಿಯಲ್ಲಿ ಹುಳ ಸಿಕ್ಕಿದ್ದರವರೆಗೆ ಎಲ್ಲ ವರದಿ ಒಪ್ಪಿಸುತ್ತಿದ್ದಳು. ಬೆರಳು ಅಲುಗಿದಾಗಲೆಲ್ಲ, "ನೋಡು, ಹೂಂಗುಟ್ತಾರೆ" ಎನ್ನುತ್ತಿದ್ದಳು.

"ಅದು ತಾನಾಗೇ ಅಲುಗತ್ತೆ ಮೇಡಂ, ಅರ್ಥ ಹುಡುಕ್ಬೇಡಿ" ಎಂದುಬಿಟ್ಟರು ಡಾಕ್ಟರು.

ಅಂದಿನಿಂದ ಅಮ್ಮ ಮಾತು ನಿಲ್ಲಿಸಿದಳು. ನಮ್ಮಮ್ಮ! ಮಾರತ್ತಹಳ್ಳಿಯ ಟ್ರಾಫಿಕ್ಕನ್ನೇ ಮೀರಿಸುವ ದನಿಯವಳು! ಮನೆ ಬಿಕೋ ಎನ್ನತೊಡಗಿತು. ನನಗಂತೂ ಅಪ್ಪನ ಕಾಯಿಲೆಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ವಿಷಯ ತಿಳಿದು ಚಿಕ್ಕಮ್ಮ ನೋಟ್‌ಬುಕ್ ಹಿಡಿದು ಬಂದಳು. "ಅಕ್ಕಾ, ಐದು ನಿಮಿಷ ಮಾತಾಡು. ಆಮೇಲೆ ಐದು ನಿಮಿಷ ಸುಮ್ನಿರು." ಹೀಗೆ ಹತ್ತು ದಿನ ಕೂತು ಬೆರಳಿನ ಅಲುಗಾಟ ಎಣಿಸಿದಳು. ನಡುವೆ ನನ್ನಿಂದಲೂ ಪೇಪರ್ ಓದಿಸಿದಳು.

"ನಂದು ಎಷ್ಟು ಬಂತು?" ಎಂದು ಆಸೆಯಿಂದ ಕೇಳಿದೆ.

"ಯಾರೂ ಮಾತಾಡ್ದೇ ಇದ್ದಾಗ ಎಷ್ಟೋ ಅಷ್ಟೇ. ನೀನು ಖಾಲಿ ಆಕಾಶ ಕಣೋ!"

ಹತ್ತನೆಯ ದಿನ ಲೆಕ್ಕ ಮುಗಿಸಿ, ಕನ್ನಡಕ ತೆಗೆದು ವೇಲಿನಲ್ಲಿ ಒರೆಸಿದಳು. "ಅಕ್ಕಾ, ನೀನು ಮಾತಾಡ್ದಾಗ್ಲೇ ಬೆರಳು ಜಾಸ್ತಿ ಅಲುಗತ್ತೆ. ನೀನು ಮಾತಾಡಿದ್ದು ಭಾವಂಗೆ ಕೇಳಿಸ್ತಿದೆ."

"ಸುಮ್ನೆ ಸಮಾಧಾನಕ್ಕೆ ಹೇಳ್ಬೇಡ್ವೇ. ನಿಜ್ವಾಗ್ಲೂನಾ?"

"ಖಂಡಿತ."

ಅಮ್ಮ ಕಣ್ಣೊರೆಸಿಕೊಂಡು ಅಪ್ಪನತ್ತ ತಿರುಗಿದಳು. ಎಷ್ಟೋ ದಿನಗಳ ಮೇಲೆ ಆ ದನಿ ಮನೆಯಿಡೀ ಕೇಳಿಸಿತು. "ರೀ, ಕೇಳಿಸ್ತಾ? ಅವಳ ಬಾಯಲ್ಲಿ ಖಂಡಿತ ಅನ್ನಿಸಿದ್ದು ನೀವೇ! ಶಾಲು, ಹಾರ ಎಲ್ಲ ಈಗ ನಿಮಗೇ ತರ್ಬೇಕು!"

ಬೆರಳು ಅಲುಗಿತು. ಮತ್ತೆ ಅಲುಗಿತು. ಚಿಕ್ಕಮ್ಮ ಎಣಿಸುವುದನ್ನೇ ಮರೆತು ಅಳುತ್ತಿದ್ದಳು.